ಮಳೆಗಾಲದ ಜಗಲಿ: ಕಾಸರಗೋಡಿನ ತಾಳಮದ್ದಳೆ ಕೂಟಗಳ ಕುರಿತು

ಪತ್ತನಾಜೆ ಕಳೆಯಿತೆಂದರೆ ನಮ್ಮ ಸೀಮೆಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬೇಶ ತಿಂಗಳ ಹತ್ತನೆಯ ದಿನ ಅದು. ಇಂಗ್ಲಿಷ್ ತಾರೀಕಿನ ಲೆಕ್ಕದಲ್ಲಿ ಮೇ 24ರ ಆಸುಪಾಸು. (ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದೂ 1984ರ ಮೇ 24ರಂದೇ. ಆಟ ಮುಗಿಯುವ ಹೊತ್ತಿಗೆ ನಮ್ಮ ಜಿಲ್ಲೆ ಆರಂಭವಾಯಿತೆಂದು ನನ್ನ ಹಿರಿಯ ಬಂಧುವೊಬ್ಬರು ನಗೆಯಾಡುತ್ತಿದ್ದರು.) ಅಲ್ಲಿಂದ ದೀಪಾವಳಿಯವರೆಗೆ ಬಯಲಿನಲ್ಲಿ ಆಟವಿಲ್ಲ, ಕೋಲವಿಲ್ಲ, ನೇಮವಿಲ್ಲ. ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದಕ್ಕೂ ಮಳೆ ಬಿಡುವು ಕೊಡಬೇಕು. ಇಂತಹ ದಿನಗಳಲ್ಲಿ ಮನುಷ್ಯನಿಗೆ ಉಳಿಯುವುದು ಜಗಲಿ ಒಂದೇ. ಆ ಜಗಲಿಯಲ್ಲಿ ನಮ್ಮ ಅಜ್ಜಂದಿರು, ಅಪ್ಪಂದಿರು ಏನು ಮಾಡಿದರೆಂಬುದೇ ಈ ಲೇಖನದ ವಿಷಯ.

ಈ ವಾರ್ಷಿಕದ ಮಲಯಾಳಂ ಓದುಗರಲ್ಲಿ ತಾಳಮದ್ದಳೆಯನ್ನು ಕಂಡಿರದವರೂ ಇರಬಹುದಾದ್ದರಿಂದ ಎರಡು ಮಾತು ಹೇಳಬೇಕು. ಯಕ್ಷಗಾನದಿಂದ ವೇಷ, ಕುಣಿತ, ರಂಗಸ್ಥಳ ಈ ಮೂರನ್ನೂ ಕಳೆದರೆ ಉಳಿಯುವುದು ತಾಳಮದ್ದಳೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಚೆಂಡೆ, ಮದ್ದಳೆ, ಚಕ್ರತಾಳ, ಶ್ರುತಿಗೆ ಒಂದು ಪೆಟ್ಟಿಗೆ, ಇಷ್ಟು ಹಿಮ್ಮೇಳ. ಎದುರು ಬದುರಾಗಿ ಚಾಪೆಯ ಮೇಲೆ ಕುಳಿತ ನಾಲ್ಕಾರು ಮಂದಿ, ಉಟ್ಟ ಬಟ್ಟೆಯಲ್ಲಿಯೇ, ಒಬ್ಬ ಕೃಷ್ಣನಾಗಿ ಒಬ್ಬ ಕೌರವನಾಗಿ ಆ ಪದ್ಯಕ್ಕೆ ಮಾತು ಕಟ್ಟುತ್ತಾರೆ. ಪದ್ಯ ಮಾತ್ರ ಬರೆದಿಟ್ಟದ್ದು. ಮಾತು ಅಲ್ಲಿಯೇ ಹುಟ್ಟಬೇಕು. ಅದನ್ನು ‘ಅರ್ಥ ಹೇಳುವುದು’ ಎನ್ನುತ್ತೇವೆ, ಹೇಳುವವನು ಅರ್ಥಧಾರಿ. ನಾಲ್ಕು ಸಾಲಿನ ಪದ್ಯಕ್ಕೆ ಅರ್ಧ ಗಂಟೆ ಮಾತಾಡುವವರೂ ಇದ್ದಾರೆ. ಅದು ಗುಣವೋ ದೋಷವೋ ಎಂಬುದು ಬೇರೆ ಚರ್ಚೆ.

ಈ ಪದ್ಧತಿ ಹಳೆಯದು. ಬಳ್ಳಾರಿ ಸೀಮೆಯ ಕುರುಗೋಡು ಪರಿಸರದ 1556ರ ಶಾಸನವೊಂದರಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ಉಲ್ಲೇಖವನ್ನು ವಿದ್ವಾಂಸರು ತೋರಿಸಿದ್ದಾರೆ. ನಮ್ಮ ಕುಂಬಳೆಗೆ ಬಂದರೆ ಪಾರ್ತಿಸುಬ್ಬನ ಹೆಸರು ಬಾರದೆ ಇರುವುದಿಲ್ಲ. ‘ಪಂಚವಟಿ’, ‘ಸೇತುಬಂಧನ’, ‘ಅಂಗದ ಸಂಧಾನ’ ಮುಂತಾದ ರಾಮಾಯಣ ಪ್ರಸಂಗಗಳನ್ನು ಬರೆದವನು ಕುಂಬಳೆಯ ಕಣಿಪುರದ ಸುಬ್ಬನೆಂದು ಮುಳಿಯ ತಿಮ್ಮಪ್ಪಯ್ಯನವರು ‘ಪಾರ್ತಿಸುಬ್ಬ’ ಎಂಬ ಗ್ರಂಥವನ್ನೇ ರಚಿಸಿ ವಾದಿಸಿದರು. ಶಿವರಾಮ ಕಾರಂತರು ಅದನ್ನು ಒಪ್ಪಲಿಲ್ಲ. ಕುಕ್ಕಿಲ ಕೃಷ್ಣ ಭಟ್ಟರು ಆ ಪ್ರಸಂಗಗಳನ್ನು ಸಂಪಾದಿಸಿದರು. ಮೈಸೂರು ವಿಶ್ವವಿದ್ಯಾನಿಲಯ 1975ರಲ್ಲಿ ಅವನ್ನು ಹೊರತಂದಿತು. ಕವಿ ಯಾವ ಊರಿನವನೆಂಬ ಈ ಜಗಳದಲ್ಲಿ ನನಗೆ ಆಸಕ್ತಿ ಇಲ್ಲವೆಂದರೆ ಸುಳ್ಳಾಗುತ್ತದೆ, ಕುಂಬಳೆ ಸೀಮೆಯವನಲ್ಲವೇ ನಾನು! ಆದರೆ ಅದಕ್ಕಿಂತ ಮಿಗಿಲಾಗಿ ನನಗೆ ಬೆರಗು ಹುಟ್ಟಿಸುವುದು ಇನ್ನೊಂದು ಸಂಗತಿ. ಆ ಪದ್ಯಗಳ ಕೆಳಗೆ ತಮ್ಮದೇ ಮಾತನ್ನು ಇಟ್ಟ ಸಾವಿರಾರು ಸಾಮಾನ್ಯರು ಈ ನೆಲದಲ್ಲಿ ಬದುಕಿಹೋದರು. ಅವರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಅವರ ಮಾತು ಆ ರಾತ್ರಿಗೇ ಮುಗಿಯಿತು.

ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ಹೆಸರು ಎಲ್ಲರಿಗೂ ಗೊತ್ತು. ಅವರ ರಾವಣ, ವಾಲಿ, ಮಾಗಧರನ್ನು ಕೇಳಿದವರು ಇಂದಿಗೂ ಆ ಮಾತುಗಳನ್ನು ಹೇಳಿಕೊಂಡು ಸುಖಿಸುತ್ತಾರೆ. ಪಂಡಿತ ಪೆರ್ಲ ಕೃಷ್ಣ ಭಟ್ಟರು, ಗಡಿಯ ಆಚೆ ಸುಳ್ಯ ತಾಲೂಕಿನ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು (1914-1984), ಇವರೆಲ್ಲ ಈ ಕಲೆಯನ್ನು ಎತ್ತರಕ್ಕೆ ಒಯ್ದರು. ‘ಕುರುಕ್ಷೇತ್ರಕ್ಕೊಂದು ಆಯೋಗ’ ಬರೆದ ದೇರಾಜೆಯವರ ವಿಚಾರದ ಮೊನಚು ತಾಳಮದ್ದಳೆಯಲ್ಲಿ ಮಸೆದದ್ದೆಂದು ಓದಿದವರಿಗೆ ತಿಳಿಯದೆ ಇರದು. ಇವರ ಬಗ್ಗೆ ಬರೆದವರಿದ್ದಾರೆ. ನಾನು ಬರೆಯಹೊರಟಿರುವುದು ಈ ದೊಡ್ಡವರು ಬೆಳೆದು ಬಂದ ಗೊಬ್ಬರದ ಮಣ್ಣಿನ ಬಗ್ಗೆ, ಎಂದರೆ ವಾರದ ಕೂಟಗಳ ಬಗ್ಗೆ.

ವಾರದ ಕೂಟ ಹೀಗೆ ನಡೆಯುತ್ತಿತ್ತು. ಶನಿವಾರ ರಾತ್ರಿ ಊಟವಾದ ಮೇಲೆ ಸುತ್ತಲಿನ ಏಳೆಂಟು ಮನೆಯವರು ಒಂದು ಮನೆಯ ಜಗಲಿಯಲ್ಲಿ ಸೇರುವರು. ಗೊರಬೆ ಹಾಕಿಕೊಂಡು, ಕೈಯಲ್ಲಿ ಸೂಟೆಯನ್ನೋ ಲಾಟೀನನ್ನೋ ಹಿಡಿದುಕೊಂಡು, ಸಂಕ ದಾಟಿ ಬರುವರು. ಗಣಪತಿ ಸ್ತುತಿಯಿಂದ ಆರಂಭ, ಮಂಗಳ ಪದದಿಂದ ಮುಕ್ತಾಯ. ನಡುವೆ ಒಂದು ಬಾರಿ ಬೆಲ್ಲದ ಅವಲಕ್ಕಿ, ಚಾ; ಹರಿವಾಣದಲ್ಲಿ ಎಲೆ ಅಡಿಕೆ ಯಾವಾಗಲೂ ಇರಬೇಕು. ಮುಗಿದ ಮೇಲೆ ಮುಂದಿನ ವಾರದ ಪ್ರಸಂಗ ಯಾವುದು, ಯಾರಿಗೆ ಯಾವ ಪಾತ್ರ ಎಂದು ನಿಶ್ಚಯಿಸಿ ಏಳುವರು. ಸಂಭಾವನೆ ಎಂಬ ಮಾತೇ ಇಲ್ಲ. ಕೇಳುವವರೆಂದು ಬೇರೆ ಜನವೂ ಬಹಳ ಇಲ್ಲ. ಇಂದು ಹೇಳಿದವನು ನಾಳೆ ಕೇಳುವವನು.

ಹೊಸಬರ ಕಲಿಕೆಗೊಂದು ಕ್ರಮವಿತ್ತು. ಹುಡುಗನಿಗೆ ಮೊದಲು ದೂತ, ಚಾರಕ. ಆಮೇಲೆ ನಕುಲ ಸಹದೇವರಂತಹ ನಾಲ್ಕು ಮಾತಿನ ಪಾತ್ರಗಳು. ಬಳಿಕ ಉತ್ತರ, ಅಭಿಮನ್ಯು, ಲಕ್ಷ್ಮಣ. ಕೃಷ್ಣ, ಕರ್ಣ, ಭೀಷ್ಮರ ತನಕ ಬರಲು ಹತ್ತು ಹದಿನೈದು ಮಳೆಗಾಲ ಬೇಕು. ಆರಂಭದಲ್ಲಿ ಹಿರಿಯರು ಹೇಳಿದ ಅರ್ಥವನ್ನು ಪುಸ್ತಕದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದು. ಎರಡು ಮೂರು ವರ್ಷ ಕಳೆದಾಗ ಯಾರಾದರೂ, “ಇನ್ನು ಪುಸ್ತಕ ಮನೆಯಲ್ಲಿ ಇಟ್ಟು ಬಾ” ಎನ್ನುವರು. ಅಂದಿನಿಂದ ನಿಜವಾದ ಕಲಿಕೆ. ಪದ್ಯವನ್ನು ಬಿಟ್ಟು ಹೊರಗೆ ಹೋಗಬಾರದು. ಎದುರಿನವನಿಗೆ ಹಿಡಿದುಕೊಳ್ಳಲು ಮಾತಿನ ಒಂದು ತುದಿಯನ್ನು ಬಿಟ್ಟು ನಿಲ್ಲಿಸಬೇಕು. ಭಾಗವತರು ತಾಳವನ್ನು ಸಣ್ಣಗೆ ತಟ್ಟಿದರೆ ಮುಗಿಸಬೇಕೆಂದು ಅರ್ಥ. ಧರ್ಮರಾಯನ ಬಾಯಿಂದ ‘ಟೈಮು’, ‘ಬಸ್ಸು’ ಎಂಬ ಮಾತು ಬಂತೋ, ಇಡೀ ಜಗಲಿ ನಗುತ್ತಿತ್ತು. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಮಲಯಾಳಂ, ಮರಾಠಿ, ಕೊಂಕಣಿ ಏನೇ ಇರಲಿ, ಚಾಪೆಯ ಮೇಲೆ ಕುಳಿತ ಮೇಲೆ ಎಲ್ಲರದ್ದೂ ಗ್ರಂಥಸ್ಥ ಕನ್ನಡ. ಅದು ಯಾರ ಮನೆಯ ಮಾತೂ ಅಲ್ಲವಾದ್ದರಿಂದ ಎಲ್ಲರೂ ಅದರ ಎದುರು ಸಮಾನ ವಿದ್ಯಾರ್ಥಿಗಳು.

ಓದುವ ಹಂಬಲವೂ ಹೀಗೆಯೇ ಹುಟ್ಟಿದ್ದು. ಉಡುಪಿಯ ಪಾವಂಜೆ ಗುರುರಾಯರು ಅಚ್ಚು ಹಾಕಿದ ಪ್ರಸಂಗ ಪುಸ್ತಕಗಳು ಹಳ್ಳಿಹಳ್ಳಿಗೆ ಬಂದವು. ಪದ್ಯ ಕೈಗೆ ಬಂದ ಮೇಲೆ ಅದರ ಹಿಂದಿನ ಕಥೆ ಬೇಕಾಯಿತು. ಕುಮಾರವ್ಯಾಸ, ತೊರವೆ ರಾಮಾಯಣ, ಜೈಮಿನಿ ಭಾರತಗಳನ್ನು ಶಾಲೆಗೆ ಸರಿಯಾಗಿ ಹೋಗದವರು ಓದಿದ್ದು ಪರೀಕ್ಷೆಗಲ್ಲ, ಮುಂದಿನ ಶನಿವಾರಕ್ಕೆ. 1950ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ ಬಂದಾಗ ನಮ್ಮ ಕಡೆಯ ಅರ್ಥಧಾರಿಗಳಿಗೆ ಅದೊಂದು ನಿಧಿಯಾಯಿತು.

ಕಾಡಿನ ಅಂಚಿನ ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ವಿಷ್ಣು ಮಾಸ್ತರರು ಕಟ್ಟಿದ ಗೋಪಾಲಕೃಷ್ಣ ಯಕ್ಷಗಾನ ಕಲಾ ಸಂಘವನ್ನು ಇಲ್ಲಿ ನೆನೆಯದಿದ್ದರೆ ಅಪಚಾರವಾದೀತು. ದೇಲಂಪಾಡಿ ಎಂದರೆ ಇಂದಿಗೂ ಪೇಟೆಯಿಂದ ದೂರದ ಊರು. ಅಂತಹಲ್ಲಿ ಊರವರನ್ನು ಕೂಡಿಸಿ, ಅರ್ಥ ಹೇಳಲು ಕಲಿಸಿ, ತಾವೇ ಪ್ರಸಂಗಗಳನ್ನು ಬರೆದು, ಒಂದು ವಿದ್ಯಾಶಾಲೆಯನ್ನೇ ಅವರು ನಡೆಸಿದರು. ಶಾಲೆಯಲ್ಲಿ ಮಕ್ಕಳಿಗೆ ಕಲಿಸುವವರು ಬಹಳ ಮಂದಿ ಇದ್ದಾರೆ. ಬೆಳೆದ ಮನುಷ್ಯರಿಗೆ, ದಿನವಿಡೀ ದುಡಿದು ಬಂದವರಿಗೆ, ಅವರ ಮಾನಕ್ಕೆ ಕುಂದು ಬಾರದಂತೆ ಕಲಿಸುವುದು ಬೇರೆಯೇ ಒಂದು ವಿದ್ಯೆ.

ಇನ್ನು ನನ್ನದೊಂದು ಅನುಭವ. 1967ರ ಆಟಿ ತಿಂಗಳು. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ‘ಕೃಷ್ಣ ಸಂಧಾನ’ದಲ್ಲಿ ನನಗೆ ವಿದುರನ ಪಾತ್ರ ಸಿಕ್ಕಿತು. ಕೃಷ್ಣನಿಗೆ ನಮ್ಮೂರ ಚಾ ಅಂಗಡಿಯ ಯಜಮಾನರು. ಅವರ ಮನೆಮಾತು ಮಲಯಾಳಂ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಕನ್ನಡ ಓದಲು ಕಲಿತದ್ದು ಇಪ್ಪತ್ತು ದಾಟಿದ ಮೇಲೆ, ಕೂಟದ ಮಾಷ್ಟ್ರು ಕಲಿಸಿ. ಅಂಗಡಿಯ ದುಡ್ಡಿನ ಪೆಟ್ಟಿಗೆಯ ಅಡಿಯಲ್ಲಿ ಪ್ರಸಂಗ ಪುಸ್ತಕ ಸದಾ ಇರುತ್ತಿತ್ತು, ಅದರ ಹಾಳೆಗಳ ಮೇಲೆ ಚಾ ಲೋಟದ ಉರುಟು ಕಲೆಗಳು.

ನಾನು ವಾರವಿಡೀ ಎರಡು ಪುಟ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಕೃಷ್ಣ ವಿದುರನ ಮನೆಗೆ ಬಂದ. ಕುಶಲ ಪ್ರಶ್ನೆಗಳಾದವು. ನನ್ನ ಪುಸ್ತಕದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ಅವರು ಕೇಳಿಬಿಟ್ಟರು: “ವಿದುರಾ, ನಿನ್ನ ಮಾತಿಗೆ ಬೆಲೆಯೇ ಇಲ್ಲದ ಆ ಮನೆಯಲ್ಲಿ ಇಷ್ಟು ಕಾಲ ಹೇಗೆ ಇದ್ದೆ?”

ನನಗೆ ಬಾಯಿ ಕಟ್ಟಿತು. ಹೊರಗೆ ಮಾಡಿನಿಂದ ನೀರು ಸುರಿಯುತ್ತಿತ್ತು. ಆ ಶಬ್ದ ಇಂದಿಗೂ ಕಿವಿಯಲ್ಲಿದೆ. ಭಾಗವತರು ಮುಂದಿನ ಪದ್ಯ ಎತ್ತಿ ನನ್ನನ್ನು ಉಳಿಸಬಹುದಿತ್ತು, ಎತ್ತಲಿಲ್ಲ. ಯಾರೂ ನಗಲಿಲ್ಲ. ಎದುರು ಕುಳಿತ ಕೃಷ್ಣ ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಹೇಳಿದ: “ನೋಡು, ಕೇಳಬಾರದ್ದನ್ನು ಕೇಳಿದೆ. ಮನೆಗೆ ಬಂದವನನ್ನು ಕಂಡ ಸಂತೋಷಕ್ಕೆ ನಿನ್ನ ಕಂಠ ಬಿಗಿದಿದೆ. ಉತ್ತರಕ್ಕೆ ಅವಸರವಿಲ್ಲ. ಹಸಿದು ಬಂದಿದ್ದೇನೆ, ಮೊದಲು ಒಂದು ಕುಡಿತೆ ಹಾಲು ಕೊಡು.” ನನ್ನ ಮರೆವು ವಿದುರನ ಭಕ್ತಿಯಾಗಿ ಹೋಯಿತು! ಜಗಲಿಯಲ್ಲಿದ್ದ ಅಜ್ಜಂದಿರು “ಆಹಾ” ಎಂದರು. ಹಾಲು ಕೊಡುವ ಮಾತು ನನಗೆ ಬರುತ್ತಿತ್ತು, ಹೇಳಿದೆ. ಹೇಳುತ್ತಾ ಹೇಳುತ್ತಾ ಧೈರ್ಯ ಬಂತು. ಕೊನೆಗೆ, ಅವರು ಪುನಃ ಕೇಳದೆಯೇ, ನಾನೇ ಆ ಪ್ರಶ್ನೆಗೆ ತಿರುಗಿ ಹೋಗಿ, “ನಾನು ಹೊರಟುಹೋದರೆ ಆ ಮನೆಯಲ್ಲಿ ಸರಿ ಯಾವುದೆಂದು ಹೇಳುವವರು ಯಾರೂ ಇರುವುದಿಲ್ಲವಲ್ಲ ಸ್ವಾಮಿ, ಅದಕ್ಕೆ ಇದ್ದೆ” ಎಂದೆ. ಅದು ಯಾರೂ ಬರೆದುಕೊಟ್ಟ ಮಾತಲ್ಲ. ನನ್ನ ಜೀವನದಲ್ಲಿ ನಾನೇ ಕಟ್ಟಿದ ಮೊದಲನೆಯ ವಾಕ್ಯ ಅದೆಂದು ಎಣಿಸುತ್ತೇನೆ. ಮರುದಿನ ಅಂಗಡಿಯಲ್ಲಿ ಅವರು ಚಾ ಮುಂದಿಟ್ಟು, “ಇನ್ನು ನಿನ್ನ ಪುಸ್ತಕ ಮನೆಯಲ್ಲಿಯೇ ಇರಲಿ ಮಾರಾಯ” ಎಂದರು.

ಆ ಪ್ರಶ್ನೆ ಹಿರಿಯರಿಗೆ ಬೇರೆ ರೀತಿಯಲ್ಲಿ ಕೇಳಿಸಿರಲಿಕ್ಕೂ ಸಾಕು. 1956ರ ನವೆಂಬರ್ 1ರಂದು, ಅಂದಿನವರೆಗೆ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಕಾಗದದಲ್ಲಿಯೇ ಉಳಿಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು (1915-2015) ನೂರು ವರ್ಷದ ತನಕ ಆ ಕೂಗನ್ನು ಬಿಡಲಿಲ್ಲ. ಸಭೆ, ಮೆರವಣಿಗೆ, ಮನವಿಗಳ ಆ ಚರಿತ್ರೆಯನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು, ಇಲ್ಲಿ ಪುನಃ ಹೇಳಬೇಕಾಗಿಲ್ಲ. ಹೇಳಬೇಕಾದ್ದು ಇಷ್ಟು: ಕಚೇರಿಯ ಭಾಷೆ ಬದಲಾದಾಗ ನಮ್ಮ ಹಳ್ಳಿಗರು ಒಮ್ಮೆಲೇ ಮೂಕರಾದರು. ನಿನ್ನೆಯವರೆಗೆ ಊರ ಪಂಚಾಯತಿಕೆ ಮಾಡುತ್ತಿದ್ದವನು ಇಂದು ಕಾಗದ ಓದಿಸಲು ಯಾರನ್ನೋ ಹುಡುಕಬೇಕಾಯಿತು. ಅಂತಹ ಮನುಷ್ಯ ಶನಿವಾರ ರಾತ್ರಿ ಮೂರು ಗಂಟೆ ಹೊತ್ತು ಭೀಷ್ಮನಾಗಿ ಮಾತಾಡುತ್ತಿದ್ದ. ಅದು ಅವನಿಗೆ ಏನು ಕೊಟ್ಟಿತೆಂದು ಲೆಕ್ಕ ಹಾಕುವ ತಕ್ಕಡಿ ನನ್ನಲ್ಲಿಲ್ಲ.

ಆದರೂ ಒಂದನ್ನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಬಳಿಕ, ಕಚೇರಿಯೊಂದರಲ್ಲಿ ಕನ್ನಡದಲ್ಲಿ ಬರೆದ ಅರ್ಜಿಯೆಂದು ಒಬ್ಬಾಕೆ ಮುದುಕಿಯ ಕಾಗದವನ್ನು ಹಿಂದಕ್ಕೆ ಕೊಟ್ಟಿದ್ದರು. ಚಾ ಅಂಗಡಿಯ ಆ ಅಣ್ಣನೇ ಆಕೆಯನ್ನು ಕರೆದುಕೊಂಡು ಹೋದರು, ಜೊತೆಗೆ ನಾನು. ಅವರು ದನಿ ಎತ್ತಲಿಲ್ಲ. ಕುರ್ಚಿಯಲ್ಲಿದ್ದವರ ಊರು, ಮನೆ ವಿಚಾರಿಸಿ, ಅವರ ಕಷ್ಟವನ್ನು ಒಪ್ಪಿ, ಅಲ್ಪಸಂಖ್ಯಾತರ ಭಾಷೆಯ ಅರ್ಜಿಯನ್ನು ಸ್ವೀಕರಿಸಬೇಕಾದ ನ್ಯಾಯವನ್ನು ಮೆಲ್ಲಗೆ, ಒಂದೊಂದೇ ಮೆಟ್ಟಲಾಗಿ, ತಮ್ಮ ಚೆಂದದ ಮಲಯಾಳಂನಲ್ಲಿ ಮುಂದಿಟ್ಟರು. ಅರ್ಧ ಗಂಟೆಯಲ್ಲಿ ಅರ್ಜಿ ಒಳಗೆ ಹೋಯಿತು. ಹೊರಗೆ ಬಂದಾಗ ನಾನು, “ಅಣ್ಣಾ, ಇದು ಸಂಧಾನದ ಕೃಷ್ಣನೇ” ಎಂದೆ. ಅವರು, “ಅಲ್ಲ, ಅಲ್ಲಿ ಸಂಧಿ ಮುರಿಯಿತು, ಇಲ್ಲಿ ಆಯಿತು” ಎಂದರು.

ನಮ್ಮ ಮಲಯಾಳಿ ಗೆಳೆಯರಿಗೆ ಇದು ಅಪರಿಚಿತವಾದ ಲೋಕವಲ್ಲ. ಉತ್ತರ ಮಲಬಾರಿನ ಕಾವುಗಳಲ್ಲಿ ಪೂರಕ್ಕಳಿಯ ಜೊತೆಗೆ ಮರತ್ತುಕಳಿ ಎಂಬುದಿದೆ. ಎರಡು ಕಾವುಗಳ ಪಣಿಕ್ಕರರು ಎದುರು ಬದುರಾಗಿ ನಿಂತು ಸಂಸ್ಕೃತ ಶ್ಲೋಕ, ನಾಟ್ಯ, ಅಲಂಕಾರ, ತರ್ಕಗಳಲ್ಲಿ ವಾದಿಸುತ್ತಾರೆ. ದುಡಿಯುವ ಜನ ಪಾಂಡಿತ್ಯವನ್ನು ತಮ್ಮದಾಗಿಸಿಕೊಂಡ ಬಗೆ ಅದು. ಕಣ್ಣೂರು, ಕಾಸರಗೋಡುಗಳ ಬೀಡಿ ಶಾಲೆಗಳಲ್ಲಿ ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುವುದು, ಉಳಿದವರು ಬೀಡಿ ಕಟ್ಟುತ್ತಾ ಕೇಳುವುದು, ಆಮೇಲೆ ಚರ್ಚೆ, ಇದೂ ಇತ್ತು. ಪಿ.ಎನ್. ಪಣಿಕ್ಕರರು 1945ರಲ್ಲಿ ತಿರುವಿದಾಂಕೂರಿನಲ್ಲಿ ಆರಂಭಿಸಿದ ಗ್ರಂಥಶಾಲಾ ಸಂಘದಿಂದ ಬೆಳೆದ ವಾಚನಾಲಯಗಳು ನಮ್ಮ ಕನ್ನಡ ಹಳ್ಳಿಗಳಿಗೂ ಬಂದವು. ನಮ್ಮೂರಿನ ಕೂಟವೇ ಎರಡು ಮಳೆಗಾಲ ವಾಚನಾಲಯದ ಕೋಣೆಯಲ್ಲಿ ನಡೆದದ್ದುಂಟು.

ಕೂಟ ಜಗಲಿ ಬಿಟ್ಟು ಹೊರಬಂದದ್ದಕ್ಕೂ ಕಾರಣವಿತ್ತು. ಹಳೆಯ ಕೂಟಗಳನ್ನು ಬರಿದೇ ಹೊಗಳಿದರೆ ಚರಿತ್ರೆಗೆ ಮೋಸ ಮಾಡಿದಂತೆ. ಜಗಲಿ ಎಂದರೆ ಯಜಮಾನನ ಜಗಲಿ. ಯಾರು ಮೇಲೆ ಚಾಪೆಯಲ್ಲಿ ಕುಳಿತುಕೊಳ್ಳಬೇಕು, ಯಾರು ಕೆಳಗೆ ಅಂಗಳದ ಚಪ್ಪರದಲ್ಲಿ ನಿಂತು ಕೇಳಬೇಕು ಎಂಬುದು ಹುಟ್ಟಿನಿಂದಲೇ ನಿಶ್ಚಯವಾಗಿತ್ತು. ಅಂಗಳದಲ್ಲಿ ನಿಂತವರಲ್ಲಿ ಎಷ್ಟು ಮಂದಿ ಅರ್ಥಧಾರಿಗಳಿದ್ದರೋ! ಹೆಂಗಸರು ಬಾಗಿಲ ಸೆರೆಯಿಂದ ಕೇಳುತ್ತಿದ್ದರು. ನನ್ನ ತಾಯಿಗೆ ‘ಪಂಚವಟಿ’ಯ ಪದ್ಯಗಳೆಲ್ಲ ಬರುತ್ತಿದ್ದವು, ಅವಲಕ್ಕಿ ಕಲಸುತ್ತಾ, ಜಗಲಿಯಲ್ಲಿ ಅರ್ಥ ತಪ್ಪಿದಾಗ ತನ್ನಷ್ಟಕ್ಕೆ ತಿದ್ದುತ್ತಿದ್ದುದನ್ನು ಕೇಳಿದ್ದೇನೆ. ಚಾಪೆಯ ಮೇಲೆ ಕುಳಿತು ಒಂದು ಮಾತನ್ನೂ ಆಕೆ ಆಡಲಿಲ್ಲ. ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಗೇಣಿಪದ್ಧತಿಯನ್ನು ಇಲ್ಲವಾಗಿಸಿದ ಮೇಲೆ ದೊಡ್ಡ ಮನೆಗಳ ಕೈ ಕುಗ್ಗಿತು. ಆ ಕಾಯಿದೆಯ ವಿರುದ್ಧ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಹೂಡಿದ ದಾವೆ 1973ರಲ್ಲಿ ಸುಪ್ರೀಂ ಕೋರ್ಟಿನ ಪ್ರಸಿದ್ಧ ತೀರ್ಪಿಗೆ ಕಾರಣವಾದುದನ್ನು ಕಾನೂನಿನ ಪುಸ್ತಕಗಳು ಹೇಳುತ್ತವೆ. ಅದೇ ಸ್ವಾಮಿಗಳು (ನಿಧನ 2020) ಸ್ವತಃ ಭಾಗವತಿಕೆ ಮಾಡುತ್ತಿದ್ದರು, ಮಠವನ್ನು ತಾಳಮದ್ದಳೆಯ ಆಶ್ರಯವಾಗಿ ಇಟ್ಟುಕೊಂಡಿದ್ದರು ಎಂಬುದನ್ನು ಆ ಪುಸ್ತಕಗಳು ಹೇಳುವುದಿಲ್ಲ. ಇರಲಿ. ಗೇಣಿ ಹೋಯಿತು, ಕೂಟ ಭಜನಾ ಮಂದಿರಕ್ಕೆ, ಶಾಲೆಯ ಕೋಣೆಗೆ ಬಂತು. ಅಂಗಳದಲ್ಲಿ ನಿಂತವರ ಮಕ್ಕಳು ಚಾಪೆಗೆ ಬಂದರು. ಕಲೆಗೆ ನಷ್ಟವಾಯಿತೆಂದು ಕೊರಗಿದವರಿದ್ದರು. ನನಗೆ ಹಾಗೆ ಕಾಣಲಿಲ್ಲ. ಹೆಂಗಸರು ತಮ್ಮದೇ ಸಂಘ ಕಟ್ಟಿಕೊಂಡು ಅರ್ಥ ಹೇಳುವುದನ್ನು ಕೇಳುವಾಗಲೆಲ್ಲ ನನಗೆ ಅವಲಕ್ಕಿಯ ಆ ಹರಿವಾಣ ನೆನಪಾಗುತ್ತದೆ.

ಈಗಿನ ದೊಡ್ಡ ಕೂಟಗಳಲ್ಲಿ ಮೈಕು, ದೀಪ, ಹೆಸರಾಂತ ಅರ್ಥಧಾರಿಗಳು, ನೇರ ಪ್ರಸಾರ ಎಲ್ಲ ಇವೆ. ಅವರ ಮಾತು ನಮ್ಮ ಹಳೆಯ ಜಗಲಿಯವರ ಮಾತಿಗಿಂತ ನೂರು ಪಾಲು ಮೇಲು, ಸಂಶಯವಿಲ್ಲ. ಕುಳಿತು ಕೇಳುವುದಕ್ಕೆ ಸುಖ. ಆದರೆ ಬಾಯಿ ಕಟ್ಟಿದ ಹುಡುಗನಿಗೆ ಹಾಲು ಕೇಳಿ ಉಳಿಸುವ ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ. ಬಾಯಿ ಕಟ್ಟುವ ಹುಡುಗನಿಗೆ ಅಲ್ಲಿ ಪಾತ್ರವೂ ಇಲ್ಲ. ನಮ್ಮೂರ ವಾರದ ಕೂಟ ತಿಂಗಳಿಗೊಮ್ಮೆ ಆಯಿತು, ಆಮೇಲೆ ಆಟಿಗೆ ಒಂದೆರಡು ಬಾರಿ ಮಾತ್ರ. ಚಾ ಅಂಗಡಿಯ ಅಣ್ಣ ತೀರಿಕೊಂಡು ಬಹಳ ವರ್ಷಗಳಾದವು. ಅವರ ಪ್ರಸಂಗ ಪುಸ್ತಕಗಳನ್ನು ಮನೆಯವರು ನನಗೆ ಕೊಟ್ಟಿದ್ದಾರೆ, ಲೋಟದ ಕಲೆಗಳ ಸಹಿತ.

ಕಳೆದ ಆಟಿಯಲ್ಲಿ ನಾವು ನಾಲ್ಕೈದು ಮಂದಿ ಹಳಬರು ಸೇರಿ ಭಜನಾ ಮಂದಿರದಲ್ಲಿ ‘ಕೃಷ್ಣ ಸಂಧಾನ’ವನ್ನೇ ಇಟ್ಟುಕೊಂಡೆವು. ಈ ಬಾರಿ ಕೃಷ್ಣ ನಾನು. ವಿದುರನಿಗೆ ಒಬ್ಬ ಹುಡುಗ ಬಂದ, ಚಾ ಅಂಗಡಿಯ ಅಣ್ಣನ ಮೊಮ್ಮಗಳ ಮಗ. ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಕಲಿಯುವವನು, ಎರಡನೆಯ ಭಾಷೆ ಮಲಯಾಳಂ. ಕನ್ನಡ ಅಕ್ಷರ ಗೊತ್ತಿಲ್ಲ. ನಾನು ಫೋನಿನಲ್ಲಿ ಹೇಳಿದ ಅರ್ಥವನ್ನು ಮಲಯಾಳಂ ಲಿಪಿಯಲ್ಲಿ ಬರೆದುಕೊಂಡು ಬಂದಿದ್ದ. ನಮ್ಮಲ್ಲಿ ಒಬ್ಬರು ಅದನ್ನು ನೋಡಿ ಮುಖ ಸಿಂಡರಿಸಿದರು. ನಾನು ಪುಸ್ತಕ ತೆಗೆದುಕೊಂಡು ನೋಡಿದೆ. ಮಲಯಾಳಂ ಅಕ್ಷರದಲ್ಲಿ ಕನ್ನಡ ಮಾತು; ‘ಹಾಲು’ ಎಂಬಲ್ಲಿ ಎರಡು ಬಾರಿ ಹೊಡೆದು ತಿದ್ದಿದ್ದ.

ಪದ್ಯ ಮುಗಿಯಿತು. ಕುಶಲ ಪ್ರಶ್ನೆಗಳಾದವು. ಅವನು ಪುಸ್ತಕದ ಕಡೆಗೆ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದ. ಮಾಡಿನ ಮೇಲೆ ಮಳೆ ಜೋರಾಯಿತು. “ವಿದುರಾ,” ಎಂದು ನಾನು ಆರಂಭಿಸಿದೆ, “ನಿನ್ನ ಮಾತಿಗೆ ಬೆಲೆಯೇ ಇಲ್ಲದ ಆ ಮನೆಯಲ್ಲಿ...”